ಅಂಕಿತವಿಲ್ಲದ ಹಾಡುಗಳು

ದಾಸರ ಪದಗಳಿಗೆ ಒಂದು ಭದ್ರತೆಯಿದೆ. ಹಾಡುವವರು ರಾಗವನ್ನು ಬದಲಿಸಬಹುದು, ತಾಳವನ್ನು ಬದಲಿಸಬಹುದು, ನಡುವಿನ ಒಂದು ಚರಣವನ್ನೇ ಬಿಟ್ಟು ಮುಂದೆ ಹೋಗಬಹುದು. ಆದರೆ ಕೊನೆಗೆ ಪುರಂದರವಿಠಲನನ್ನೋ ಕಾಗಿನೆಲೆಯಾದಿಕೇಶವನನ್ನೋ ಹೆಸರಿಸದೆ ಹಾಡು ಮುಗಿಯುವುದಿಲ್ಲ. ವಚನಕಾರರದೂ ಇದೇ ಕ್ರಮ. ಅಂಕಿತವು ದೇವರ ಹೆಸರೇ ಆದರೂ ಕೇಳುಗನ ಪಾಲಿಗೆ ಅದು ಕರ್ತೃವಿನ ಸಹಿ. ಎಷ್ಟೋ ಶತಮಾನಗಳ ಕಾಲ ಓಲೆಗರಿಯ ಲಿಪಿಕಾರರು, ಭಜನೆಯ ಮೇಳದವರು, ಅಕ್ಷರ ಬಾರದ ಅಜ್ಜಿಯರು ಈ ಪದಗಳನ್ನು ದಾಟಿಸಿಕೊಂಡು ಬಂದಿದ್ದಾರೆ; ಆ ದೀರ್ಘ ಪ್ರಯಾಣದಲ್ಲಿ ಕವಿಯ ಹೆಸರು ಕಳಚಿ ಬೀಳದಿರಲು ಅಂಕಿತವೇ ಕಾರಣ.

ಕನ್ನಡ ಚಲನಚಿತ್ರಗೀತೆಗೆ ಈ ಭಾಗ್ಯವಿಲ್ಲ. ಹಾಡು ಮನೆಮನೆಗೆ ತಲುಪಿತು, ಬರೆದವನು ಬಾಗಿಲಲ್ಲಿಯೇ ಉಳಿದ. ‘ರಾಜಕುಮಾರ್ ಹಾಡು’ ಎನ್ನುತ್ತೇವೆ, ‘ಪಿ.ಬಿ. ಶ್ರೀನಿವಾಸರ ಹಾಡು’ ಎನ್ನುತ್ತೇವೆ, ‘ಪುಟ್ಟಣ್ಣನವರ ಚಿತ್ರದ ಹಾಡು’ ಎನ್ನುತ್ತೇವೆ. ಹೊರನಾಡಿನ ನಮ್ಮ ಸಂಘಗಳ ಗೀತಸಂಜೆಗಳಲ್ಲಿ ನಿರೂಪಕರು ಪ್ರತಿ ಹಾಡಿಗೂ ಮುನ್ನ ಚಿತ್ರದ ಹೆಸರು, ನಾಯಕಿಯ ಹೆಸರು, ಕೆಲವೊಮ್ಮೆ ಅದನ್ನು ಚಿತ್ರೀಕರಿಸಿದ ಊರಿನ ಹೆಸರನ್ನೂ ಹೇಳುತ್ತಾರೆ. ಸಾಹಿತ್ಯ ಯಾರದೆಂದು ಯಾರಾದರೂ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಚಿ. ಉದಯಶಂಕರ್. ಉದಯಶಂಕರ್ (1934–1993) ಬಹುದೊಡ್ಡ ಗೀತರಚನಕಾರರೆಂಬುದರಲ್ಲಿ ಸಂಶಯವಿಲ್ಲ. ಅವರಿಗೆ ಜನಪ್ರೀತಿಯೂ ದೊರೆಯಿತು. ಆದರೆ ದೊಡ್ಡ ಮರದ ನೆರಳು ಸುತ್ತಲಿನ ಗಿಡಗಳ ಮೇಲೂ ಬೀಳುತ್ತದೆ. ಅವರಿಗಿಂತ ಹಿಂದಿನವರ, ಅವರ ಜೊತೆಯವರ ಹಾಡುಗಳೂ ನಮ್ಮ ನೆನಪಿನಲ್ಲಿ ಅವರ ಖಾತೆಗೇ ಜಮೆಯಾಗಿಬಿಟ್ಟಿವೆ. ಈ ಲೇಖನ ಆ ಇತರರನ್ನು ಕುರಿತದ್ದು.

ಈ ಮರೆವು ಸಿನಿಮಾದಿಂದಲೇ ಆರಂಭವಾದದ್ದಲ್ಲ. ಮೈಸೂರು ಸಂಸ್ಥಾನದ ನಾಡಗೀತೆಯನ್ನು ರಚಿಸಿದ ಬಸವಪ್ಪ ಶಾಸ್ತ್ರಿಗಳು (1843–1891) ಚಾಮರಾಜೇಂದ್ರ ಒಡೆಯರ ಆಸ್ಥಾನದಲ್ಲಿದ್ದವರು, ‘ಅಭಿನವ ಕಾಳಿದಾಸ’ರೆನಿಸಿಕೊಂಡವರು. ಅವರನ್ನು ಸಾಹಿತ್ಯ ಚರಿತ್ರೆ ನೆನೆಯುವುದು ಶಾಕುಂತಲದ ಅನುವಾದಕ್ಕಾಗಿ, ಮತ್ತು ಷೇಕ್ಸ್‌ಪಿಯರನ ‘ಒಥೆಲೊ’ವನ್ನು ‘ಶೂರಸೇನ ಚರಿತೆ’ಯಾಗಿಸಿದ್ದಕ್ಕಾಗಿ. ಸಂಸ್ಥಾನದ ಶಾಲೆಗಳಲ್ಲಿ, ದಸರೆಯ ದರ್ಬಾರಿನಲ್ಲಿ ಸಾವಿರಾರು ಕಂಠಗಳು ಹಾಡಿದ ಪದ್ಯವು ಆ ಪಟ್ಟಿಯ ಕೊನೆಯಲ್ಲಿ, ಅಡಿಟಿಪ್ಪಣಿಯಂತೆ ಬರುತ್ತದೆ. ಇನ್ನೂ ವಿಚಿತ್ರವಾದದ್ದು ಸೋಸಲೆ ಅಯ್ಯಾಶಾಸ್ತ್ರಿಗಳ (1854–1934) ಪ್ರಸಂಗ. ಅವರು ಬರೆದ ಒಂದು ಪ್ರಾರ್ಥನೆಯನ್ನು ಬಿ.ಆರ್. ಪಂತುಲು ಅವರು 1958ರ ‘ಸ್ಕೂಲ್ ಮಾಸ್ಟರ್’ ಚಿತ್ರದಲ್ಲಿ ಬಳಸಿಕೊಂಡರು, ಟಿ.ಜಿ. ಲಿಂಗಪ್ಪನವರ ಸಂಗೀತದಲ್ಲಿ ಅದು ಮತ್ತೊಮ್ಮೆ ನಾಡನ್ನೆಲ್ಲ ಸುತ್ತಿತು. ಇಂದು ಅದನ್ನು ಹಾಡಬಲ್ಲವರು ಲಕ್ಷಗಟ್ಟಲೆ ಇದ್ದಾರು. ಅದು ಸಿನಿಮಾಕ್ಕೆಂದು ಹುಟ್ಟಿದ ಹಾಡಲ್ಲ, ಬರೆದ ಪಂಡಿತರು ಚಿತ್ರ ತೆರೆಗೆ ಬರುವ ಇಪ್ಪತ್ತನಾಲ್ಕು ವರ್ಷಗಳ ಮೊದಲೇ ತೀರಿಕೊಂಡಿದ್ದರು ಎಂದು ಬಲ್ಲವರು ಎಷ್ಟು ಮಂದಿ?

ಅಯ್ಯಾಶಾಸ್ತ್ರಿಗಳು ತೀರಿಕೊಂಡ 1934ರಲ್ಲಿಯೇ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡಿತು. ಅದು ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ಕನ್ನಡ ಸಿನಿಮಾ ಹುಟ್ಟಿದ್ದೇ ಹೊರನಾಡಿನಲ್ಲಿ ಎಂಬ ಮಾತನ್ನು ಮುಂಬಯಿ-ಪುಣೆಯ ನಮ್ಮ ಗೆಳೆಯರು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಾರೆ, ಹೇಳಲಿ. ಚಿತ್ರದ ಕಥೆ, ಸಂಭಾಷಣೆ, ಹಾಡು ಮೂರನ್ನೂ ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಗುಬ್ಬಿ ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟು ಪಳಗಿದ ಕೈ ಅವರದು. ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಹೀಗಾಗಿ ಕನ್ನಡದ ಮೊದಲ ಚಿತ್ರಗೀತೆಗಳು ಹೇಗೆ ಕೇಳಿಸುತ್ತಿದ್ದವೆಂಬುದು ನಮಗೆ ಗೊತ್ತಾಗುವಂತಿಲ್ಲ.

ಆದರೆ ಹೇಗೆ ಹುಟ್ಟುತ್ತಿದ್ದವೆಂಬುದನ್ನು ಊಹಿಸಬಹುದು, ಏಕೆಂದರೆ ನಾಟಕ ಕಂಪನಿಗಳ ರೂಢಿ ನಮಗೆ ಗೊತ್ತಿದೆ. ಅಲ್ಲಿ ಹಾಡು ಹುಟ್ಟುತ್ತಿದ್ದುದು ‘ಮಟ್ಟಿ’ಗೆ. ಜನಪ್ರಿಯವಾದ ಒಂದು ಕೀರ್ತನೆಯದೋ ಮರಾಠಿ ನಾಟ್ಯಪದದದೋ ಪಾರಸಿ ಕಂಪನಿಯ ಹಿಂದೂಸ್ತಾನಿ ಚೀಜಿನದೋ ಧಾಟಿಯನ್ನು ಹಿಡಿದು, ಅದರ ಗುರು-ಲಘುಗಳಿಗೆ ಸರಿಯಾಗಿ ಕನ್ನಡದ ಮಾತನ್ನು ಕೂರಿಸಬೇಕು. ಅಚ್ಚಾದ ನಾಟಕದ ಪುಸ್ತಕಗಳಲ್ಲಿ ಪದ್ಯದ ನೆತ್ತಿಯ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ನಮೂದಿಸಿರುತ್ತಿದ್ದರು. ಗಮನಿಸಿ: ಮಟ್ಟಿಗೆ ಒಂದು ವಿಳಾಸವಿತ್ತು, ಮಾತಿಗೆ ಇರಲಿಲ್ಲ. ನಾಟಕಕ್ಕೆ ಕಂಪನಿಯ ಮಾಲೀಕರ ಹೆಸರಿತ್ತು. ಕವಿ ಸಂಬಳದ ನೌಕರ. ಸಿನಿಮಾ ಈ ಪದ್ಧತಿಯನ್ನು ಇಡಿಯಾಗಿ ಬಳುವಳಿಯಾಗಿ ಪಡೆಯಿತು. ಮಾಲೀಕನ ಜಾಗಕ್ಕೆ ನಿರ್ಮಾಪಕ ಬಂದ, ಹಾರ್ಮೋನಿಯಂ ಮಾಸ್ತರರ ಜಾಗಕ್ಕೆ ಸಂಗೀತ ನಿರ್ದೇಶಕರು ಬಂದರು, ಕವಿಗಳು ಮಾತ್ರ ತಾವಿದ್ದಲ್ಲಿಯೇ ಇದ್ದರು.

ಸ್ವಾತಂತ್ರ್ಯಾನಂತರದ ಎರಡು-ಮೂರು ದಶಕಗಳ ಕಾಲ ಕನ್ನಡ ಚಿತ್ರಗಳು ಬಹುಮಟ್ಟಿಗೆ ತಯಾರಾದದ್ದು ಮದರಾಸಿನಲ್ಲಿ. ಎವಿಎಂ, ವಿಜಯಾ-ವಾಹಿನಿ ಮುಂತಾದ ಸ್ಟುಡಿಯೋಗಳು ಅಲ್ಲಿದ್ದವು, ಧ್ವನಿಮುದ್ರಣದ ಸೌಕರ್ಯ ಅಲ್ಲಿತ್ತು, ವಾದ್ಯಗಾರರು ಅಲ್ಲಿದ್ದರು. ರಾಜಕುಮಾರ್ ಅವರೂ ಎಷ್ಟೋ ಕಾಲ ಅಲ್ಲಿಯೇ ಸಂಸಾರ ಹೂಡಿದ್ದರು. ಗೀತರಚನಕಾರರು ಕೋಡಂಬಾಕ್ಕಂ, ತ್ಯಾಗರಾಯನಗರಗಳ ಬಾಡಿಗೆ ಮನೆಗಳಲ್ಲಿ ಕುಳಿತು, ತಮಿಳು-ತೆಲುಗುಗಳ ನಡುವೆ ಕನ್ನಡ ಬರೆದರು. ಸಂಗೀತ ನಿರ್ದೇಶಕರಲ್ಲಿ ಹಲವರ ಮನೆಮಾತು ಕನ್ನಡವಲ್ಲ. ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು, ಎಸ್. ಜಾನಕಿ, ಪಿ. ಸುಶೀಲಾ, ಘಂಟಸಾಲ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಎಲ್ಲರೂ ತೆಲುಗಿನವರು. ಸಾಹಿತ್ಯವನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಿದ್ದ ಈ ಮಹನೀಯರ ಕನ್ನಡ ನಮ್ಮಲ್ಲಿ ಅನೇಕರ ಕನ್ನಡಕ್ಕಿಂತ ಚೊಕ್ಕಟವಾಗಿ ಕೇಳಿಸುತ್ತದೆ. ಅದರಲ್ಲಿ ಅವರ ಶ್ರದ್ಧೆಯ ಪಾಲು ಹಿರಿದು. ಜೊತೆಗೆ, ಯಾವ ಅಕ್ಷರ ಯಾವ ಸ್ವರದ ಮೇಲೆ ಕುಳಿತರೆ ಕನ್ನಡದ ಉಸಿರು ಕಟ್ಟುವುದಿಲ್ಲವೆಂದು ಅರಿತು ಬರೆದವರ ಪಾಲೂ ಇದೆ. ಮಹಾಪ್ರಾಣವನ್ನು ಎಲ್ಲಿ ತಪ್ಪಿಸಬೇಕು, ದೀರ್ಘವನ್ನು ಎಲ್ಲಿ ಎಳೆಯಬಹುದು, ಒತ್ತಕ್ಷರ ಎಲ್ಲಿ ತಾಳದ ಪೆಟ್ಟಿಗೆ ಸಿಕ್ಕಿಕೊಳ್ಳುತ್ತದೆ ಎಂಬುದು ಕವಿತೆ ಬರೆಯುವವನಿಗೆ ಬೇಕಿಲ್ಲದ, ಹಾಡು ಬರೆಯುವವನಿಗೆ ಇಲ್ಲದೆ ತೀರದ ವಿದ್ಯೆ. ಮೇಲಾಗಿ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಮೂರು ಚಿಲ್ಲರೆ ನಿಮಿಷ. ಪಲ್ಲವಿ, ಎರಡು-ಮೂರು ಚರಣ; ಅಷ್ಟರಲ್ಲಿ ಹೇಳಿ ಮುಗಿಸಬೇಕು.

1954ರ ‘ಬೇಡರ ಕಣ್ಣಪ್ಪ’ ರಾಜಕುಮಾರ್ ಅವರನ್ನು ಕೊಟ್ಟ ಚಿತ್ರವೆಂದು ಎಲ್ಲರಿಗೂ ಗೊತ್ತು. ಕಣ್ಣಪ್ಪ ಶಿವನಿಗೆ ಮೊರೆಯಿಡುವ ಹಾಡು ಇಂದಿಗೂ ಹರಿಕಥೆಗಳಲ್ಲಿ, ಶಿವರಾತ್ರಿಯ ಜಾಗರಣೆಗಳಲ್ಲಿ ಕೇಳಿಬರುತ್ತದೆ. ಅದನ್ನು ಬರೆದ ಎಸ್. ನಂಜಪ್ಪನವರ ಹೆಸರನ್ನು ಹೇಳಿದರೆ ‘ಯಾರವರು?’ ಎನ್ನುತ್ತಾರೆ. ‘ಮಹಾಕವಿ ಕಾಳಿದಾಸ’ (1955), ‘ಅಣ್ಣ ತಂಗಿ’ (1958) ಚಿತ್ರಗಳನ್ನು ನಿರ್ದೇಶಿಸಿದ ಕು.ರ. ಸೀತಾರಾಮಶಾಸ್ತ್ರಿಗಳು ‘ಕು.ರ.ಸೀ.’ ಎಂಬ ಮೂರಕ್ಷರವಾಗಿ ಚಿತ್ರದ ಹೆಸರಿನ ಪಟ್ಟಿಯಲ್ಲಿ ಮಿಂಚಿ ಮಾಯವಾಗುತ್ತಾರೆ. ಜಿ.ವಿ. ಅಯ್ಯರ್ ಅವರನ್ನು ‘ಹಂಸಗೀತೆ’ಯ, ಸಂಸ್ಕೃತದ ‘ಆದಿ ಶಂಕರಾಚಾರ್ಯ’ದ ನಿರ್ದೇಶಕರೆಂದು ದೇಶವೇ ಬಲ್ಲದು, ‘ರಣಧೀರ ಕಂಠೀರವ’ದ ಕಾಲದಲ್ಲಿ ಅವರು ಹಾಡು ಹೊಸೆಯುತ್ತಿದ್ದವರೆಂಬುದು ಅವರ ಕೀರ್ತಿಯಲ್ಲಿಯೇ ಮುಚ್ಚಿಹೋಯಿತು.

ಹುಣಸೂರು ಕೃಷ್ಣಮೂರ್ತಿಗಳ ಒಂದು ಹಾಡಿನ ಕಥೆಯನ್ನು ತುಸು ವಿಸ್ತಾರವಾಗಿ ಹೇಳಬೇಕು. 1965ರ ‘ಸತ್ಯ ಹರಿಶ್ಚಂದ್ರ’ವನ್ನು ನಿರ್ದೇಶಿಸಿದವರೂ ಅದಕ್ಕೆ ಹಾಡು ಬರೆದವರೂ ಅವರೇ. ಸ್ಮಶಾನದ ಒಡೆಯ ವೀರಬಾಹುವಿನ ಪಾತ್ರದಲ್ಲಿ ಎಂ.ಪಿ. ಶಂಕರ್, ಪೆಂಡ್ಯಾಲ ನಾಗೇಶ್ವರರಾಯರ ಸಂಗೀತ, ಘಂಟಸಾಲರ ಕಂಠ. ಕುಲದಲ್ಲಿ ಮೇಲುಕೀಳೆಂಬುದು ಎಲ್ಲಿದೆ ಎಂದು ಕುಣಿಯುತ್ತ ಕೇಳುವ ಆ ಹಾಡು ಪೌರಾಣಿಕ ಚಿತ್ರದೊಳಗೆ ನುಸುಳಿಕೊಂಡ ಒಂದು ಸಾಮಾಜಿಕ ಪ್ರಶ್ನೆ. ರಾಘವಾಂಕನ ಕಾವ್ಯದಲ್ಲಿಯೂ ಹರಿಶ್ಚಂದ್ರನ ಕಥೆಯ ಕೀಲಿರುವುದು ಕುಲದ ಪ್ರಶ್ನೆಯಲ್ಲಿಯೇ: ಗಾಣರಾಣಿಯರ ಪ್ರಸಂಗವನ್ನು ನೆನೆಯಿರಿ. ಹುಣಸೂರರು ಅದೇ ಎಳೆಯನ್ನು ಹಿಡಿದು, ಕನಕದಾಸರ ಜಿಜ್ಞಾಸೆಯನ್ನು ಅದಕ್ಕೆ ಕೂಡಿಸಿ, ಹಳ್ಳಿಯ ಕುಣಿತದ ಲಯಕ್ಕೆ ಕಟ್ಟಿದರು. ಫಲವೇನಾಯಿತೆಂದರೆ ಅನೇಕರು ಅದನ್ನು ಜಾನಪದವೆಂದೇ ತಿಳಿದಿದ್ದಾರೆ. ತನ್ನ ಹಾಡು ಜಾನಪದವೆನಿಸಿಕೊಳ್ಳುವುದಕ್ಕಿಂತ ದೊಡ್ಡ ಪ್ರಶಸ್ತಿ ಕವಿಗೆ ಯಾವುದಿದೆ ಎಂದು ಕೇಳುವವರುಂಟು. ಮಾತು ಚೆನ್ನಾಗಿದೆ, ಆದರೆ ಅದನ್ನು ಹೇಳುವವರು ತಮ್ಮ ಕವನ ಸಂಕಲನದ ಮುಖಪುಟದಿಂದ ತಮ್ಮ ಹೆಸರನ್ನು ತೆಗೆದದ್ದನ್ನು ನಾನು ಕಂಡಿಲ್ಲ.

ಆರ್.ಎನ್. ಜಯಗೋಪಾಲ್ (1935–2008) ಅವರ ವಿಷಯದಲ್ಲಿ ವಂಶಾವಳಿಯೇ ಒಂದು ಚರಿತ್ರೆ. ‘ಸತಿ ಸುಲೋಚನಾ’ದಲ್ಲಿ ರಾವಣನ ಪಾತ್ರ ವಹಿಸಿ ಸಂಗೀತವನ್ನೂ ನಿರ್ವಹಿಸಿದ ಆರ್. ನಾಗೇಂದ್ರರಾಯರ ಮಗ ಅವರು. ತಂದೆ ನಿರ್ದೇಶಿಸಿದ ‘ಪ್ರೇಮದ ಪುತ್ರಿ’ಯಿಂದ (1957) ಚಿತ್ರರಂಗಕ್ಕೆ ಬಂದರು. ಎನ್. ಲಕ್ಷ್ಮೀನಾರಾಯಣರ ‘ನಾಂದಿ’ (1964) ಕಿವಿ ಕೇಳದ, ಮಾತು ಬಾರದ ಹೆಣ್ಣೊಬ್ಬಳನ್ನು ನಡುವಿಟ್ಟುಕೊಂಡ ಚಿತ್ರ. ಅದಕ್ಕೆ ಜಯಗೋಪಾಲ್ ಬರೆದ ಜೋಗುಳವು ಮಗುವನ್ನು ‘ಕೇಳು’ ಎಂದು ಕೇಳಿಕೊಳ್ಳುತ್ತ ತೊಡಗುತ್ತದೆ. ಕೇಳುವಿಕೆಯೇ ಪ್ರಶ್ನೆಯಾಗಿರುವ ಕಥೆಯಲ್ಲಿ ಆ ಒಂದು ಕ್ರಿಯಾಪದ ಎಂಥ ಭಾರವನ್ನು ಹೊರುತ್ತದೆಂಬುದು ಚಿತ್ರವನ್ನು ನೋಡಿದವರಿಗೆ ಗೊತ್ತು. ಹಾಡನ್ನು ಮಾತ್ರ ಕೇಳಿದವರಿಗೆ ಅದು ಮಧುರವಾದ ಲಾಲಿ, ಅಷ್ಟೆ. ಒಳ್ಳೆಯ ಚಿತ್ರಗೀತೆ ಹೀಗೆ ಎರಡು ಬಾಳನ್ನು ಬಾಳಬೇಕಾಗುತ್ತದೆ: ಕಥೆಯೊಳಗೊಂದು, ಹೊರಗೊಂದು. ಎರಡೂ ಕಡೆ ಸಲ್ಲುವಂತೆ ಬರೆಯುವುದು ಸುಲಭವಲ್ಲ.

ಇದೇ ಜಯಗೋಪಾಲರಿಗೆ ಸಂಬಂಧಿಸಿದ ಇನ್ನೊಂದು ಉದಾಹರಣೆ ನಮ್ಮ ಪಕ್ಷಪಾತವನ್ನು ಬಯಲು ಮಾಡುತ್ತದೆ. ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ದಲ್ಲಿ (1967) ಬೇಂದ್ರೆಯವರ ಸೂರ್ಯೋದಯದ ಕವಿತೆಯಿದೆ, ಜಯಗೋಪಾಲರ ಹಾಡುಗಳೂ ಇವೆ. ಮೊದಲನೆಯದನ್ನು ಯಾವ ವೇದಿಕೆಯಲ್ಲಿ ಹಾಡಿದರೂ ‘ವರಕವಿ ಬೇಂದ್ರೆಯವರ ಗೀತೆ’ ಎಂದು ಘೋಷಿಸಿಯೇ ಹಾಡುತ್ತಾರೆ. ಅದೇ ಚಿತ್ರದ, ಅದೇ ವಿಜಯಭಾಸ್ಕರರ ಸಂಗೀತದ ಇನ್ನೊಂದು ಹಾಡು ಬಂದರೆ ‘ಬೆಳ್ಳಿಮೋಡ ಚಿತ್ರದಿಂದ’ ಎನ್ನುತ್ತಾರೆ. ಬೇಂದ್ರೆಯವರೊಡನೆ ಜಯಗೋಪಾಲರನ್ನು ತೂಗುವ ಉದ್ದೇಶ ನನಗಿಲ್ಲ. ಆದರೆ ಒಬ್ಬರಿಗೆ ಸಹಜವಾಗಿ ಸಲ್ಲುವ ಸೌಜನ್ಯ ಇನ್ನೊಬ್ಬರಿಗೆ ಏಕೆ ಸಲ್ಲುವುದಿಲ್ಲ? ಕಾಳಿಂಗರಾಯರಿಂದ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥರವರೆಗೆ ಭಾವಗೀತೆಯ ಗಾಯಕರು ಕವಿಯ ಹೆಸರನ್ನು ಹೇಳುವ ಒಂದು ಶಿಷ್ಟಾಚಾರವನ್ನು ಬೆಳೆಸಿದರು. ಸುಗಮ ಸಂಗೀತದಲ್ಲಿ ಅದೇ ಅಂಕಿತದ ಕೆಲಸ ಮಾಡಿತು. ಚಿತ್ರಗೀತೆಗೆ ಅಂಥ ಶಿಷ್ಟಾಚಾರ ಒದಗಿದ್ದು ರೇಡಿಯೋದಲ್ಲಿ ಮಾತ್ರ. 1957ರ ಅಕ್ಟೋಬರಿನಲ್ಲಿ ಆರಂಭವಾದ ವಿವಿಧ ಭಾರತಿಯಲ್ಲಿ ನಿರ್ವಾಹಕರು ಸಾಹಿತ್ಯ, ಸಂಗೀತ, ಗಾಯನ ಎಂದು ಮೂರು ಹೆಸರು ಹೇಳುತ್ತಿದ್ದರು. (ಹಿಂದಿಯಲ್ಲಿ ಸಾಹಿರ್ ಲುಧಿಯಾನ್ವಿಯವರು ಇದಕ್ಕಾಗಿ ಪಟ್ಟುಹಿಡಿದರೆಂದು ಅಲ್ಲಿನವರು ಹೇಳುತ್ತಾರೆ.) ನನ್ನ ತಲೆಮಾರಿನವರಿಗೆ ವಿಜಯನಾರಸಿಂಹ, ಸೋರಟ್ ಅಶ್ವಥ್, ಕಣಗಾಲ್ ಪ್ರಭಾಕರಶಾಸ್ತ್ರಿ ಎಂಬ ಹೆಸರುಗಳು ಅಷ್ಟಾದರೂ ಕಿವಿಗೆ ಬಿದ್ದಿದ್ದರೆ ಅದು ಆ ಅನಾಮಧೇಯ ಉದ್ಘೋಷಕರ ಪುಣ್ಯ.

ವಿಜಯನಾರಸಿಂಹ (1927–2001) ನನ್ನ ಮಟ್ಟಿಗೆ ಈ ಗುಂಪಿನ ಅತ್ಯಂತ ಉಪೇಕ್ಷಿತ ಕವಿ. ಪತ್ನಿಯ ಹೆಸರನ್ನು ತಮ್ಮ ಹೆಸರಿನ ಮುಂದಿಟ್ಟುಕೊಂಡು ಬರೆದವರು. ಅಂಕಿತವಿಲ್ಲದ ಕಾಲದಲ್ಲಿ ಅದೂ ಒಂದು ಬಗೆಯ ಅಂಕಿತವೇ. ‘ಗೆಜ್ಜೆಪೂಜೆ’ (1969) ಚಿತ್ರದಲ್ಲಿ ಅವರು ಪ್ರೇಮವನ್ನು ಐದನೆಯ ವೇದವೆಂದು ಕರೆದರು. ಮಹಾಭಾರತವನ್ನು ಪಂಚಮವೇದವೆನ್ನುವುದು ನಮ್ಮಲ್ಲಿ ರೂಢಿ. ಆ ಮಾತನ್ನು ಎತ್ತಿ ಪ್ರೇಮಕ್ಕೆ ತೊಡಿಸಿದ್ದು ಮೇಲುನೋಟಕ್ಕೆ ಚಮತ್ಕಾರವೆನಿಸೀತು. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಓದಿದವರಿಗೆ ಹಾಗೆನಿಸುವುದಿಲ್ಲ. ಗೆಜ್ಜೆಪೂಜೆಯಾದ ಕುಲದಲ್ಲಿ ಹುಟ್ಟಿದ ಹುಡುಗಿಗೆ ನಾಲ್ಕು ವೇದಗಳ ಮಂತ್ರದ ಮದುವೆ ನಿಷಿದ್ಧ. ಹಾಗಿದ್ದಮೇಲೆ ಅವಳಿಗೆ ಉಳಿಯುವುದು ಐದನೆಯದೊಂದೇ, ಮತ್ತು ಕಥೆಯ ಕೊನೆಗೆ ಅದೂ ಉಳಿಯುವುದಿಲ್ಲ. ಚಿತ್ರದ ದುರಂತವನ್ನೆಲ್ಲ ಒಂದು ಪಲ್ಲವಿಯೊಳಗೆ ಮುಂಗಡವಾಗಿ ಇಟ್ಟವರು ಅವರು. ‘ನಾಗರಹಾವು’ (1972) ಚಿತ್ರದಲ್ಲಿ ರಾಮಾಚಾರಿಯ ಸೇಡನ್ನು ಹಾವಿನದಕ್ಕೆ ಹೋಲಿಸಿದ ಆರ್ಭಟದ ಹಾಡೂ ಇದೇ ಲೇಖನಿಯದು. ಅಲ್ಲಿಂದ ಎಸ್.ಪಿ.ಬಿ., ಜಾನಕಿಯವರು ಎಂ. ರಂಗರಾಯರ ಸಂಗೀತದಲ್ಲಿ ಹಾಡಿದ ಗಣೇಶಸ್ತುತಿಗಳಿಗೆ ಬನ್ನಿ: ಭಾದ್ರಪದದಲ್ಲಿ ಕನ್ನಡಿಗರಿರುವ ಯಾವ ಊರಿನ ಪೆಂಡಾಲಿನಲ್ಲಿಯೂ ಅವು ಮೊಳಗದ ದಿನವಿಲ್ಲ. ಬೀದಿಯಲ್ಲಿ ಹಾಡು ಮೊಳಗುವಾಗ ಪ್ರಸಾದ ಹಂಚುವವರನ್ನು ಕರ್ತೃ ಯಾರೆಂದು ಕೇಳಿ ನೋಡಿ. ದಾಸರ ಪದವೆಂಬ ಉತ್ತರವೂ ಬಂದೀತು.

ಗೀತಪ್ರಿಯ (1932–2016) ಎಂಬ ಹೆಸರಿನ ಹಿಂದಿದ್ದವರು ಲಕ್ಷ್ಮಣರಾವ್ ಮೋಹಿತೆ. ಬೆಂಗಳೂರಿನ ಮರಾಠಿ ಮನೆತನ. ‘ಶ್ರೀರಾಮ ಪೂಜಾ’ದಿಂದ (1955) ಆರಂಭಿಸಿ, ಮುಂದೆ ನಿರ್ದೇಶಕರಾಗಿ ‘ಮಣ್ಣಿನ ಮಗ’ಕ್ಕೆ (1968) ರಾಷ್ಟ್ರಪ್ರಶಸ್ತಿ ತಂದರು. ದುಡಿಮೆಯನ್ನೇ ದೈವಭಕ್ತಿಯಾಗಿಸಿದ ಅದರ ಹಾಡುಗಳು ಬಲು ಸರಳ. ಅಷ್ಟು ಸರಳ ಕನ್ನಡವನ್ನು ಬರೆಯಲು ಎರಡು ಭಾಷೆಗಳ ನಡುವೆ ಬೆಳೆದವರಿಗೇ ಸಾಧ್ಯವೇನೋ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಇವರೆಲ್ಲ ಬರೆದದ್ದೆಲ್ಲವೂ ಬಂಗಾರವಲ್ಲ. ಪ್ರಾಸಕ್ಕಾಗಿ ಮಲ್ಲೆಯನ್ನು ನಲ್ಲೆಯ ಮುಡಿಗೆ ಏರಿಸಿದ್ದು, ಚಂದ್ರನನ್ನು ಅನವಶ್ಯಕವಾಗಿ ಕರೆಸಿದ್ದು ಬೇಕಾದಷ್ಟಿದೆ. ವಾರಕ್ಕೆ ನಾಲ್ಕು ಸನ್ನಿವೇಶಗಳಿಗೆ ಬರೆಯುವವನಿಂದ ಬೇರೇನನ್ನು ನಿರೀಕ್ಷಿಸಬೇಕು? ಆದರೆ ಗಟ್ಟಿಯನ್ನು ಜೊಳ್ಳಿನಿಂದ ಬೇರ್ಪಡಿಸುವ ವಿಮರ್ಶೆಯ ಮರ ನಮ್ಮಲ್ಲಿ ಇವರಿಗಾಗಿ ಬೀಸಲೇ ಇಲ್ಲ. ನವೋದಯದವರಿಗೆ ಇದು ಬಾಡಿಗೆ ಬರಹ; ನವ್ಯರಿಗೆ ಹಾಡೆಂಬುದೇ ಅನುಮಾನದ ವಸ್ತು. ಚಿತ್ರದ ಪಟ್ಟಿಯಲ್ಲಿ ಈ ಕಸುಬಿಗಿರುವ ಹೆಸರೇ ‘ಸಾಹಿತ್ಯ’, ಸಾಹಿತ್ಯ ಚರಿತ್ರೆಯಲ್ಲಿ ಮಾತ್ರ ಅದಕ್ಕೆ ಅಧ್ಯಾಯವಿಲ್ಲ. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ನಮಗೆ ಷೇಕ್ಸ್‌ಪಿಯರನ ನಾಟಕದ ಹಾಡುಗಳನ್ನು ಪಾಠ ಮಾಡಿದಾಗ ಅವಕ್ಕೆ ಸ್ವರ ಕೂಡಿಸಿದ ರಾಬರ್ಟ್ ಜಾನ್ಸನ್ನನ ಹೆಸರು ಬರಲಿಲ್ಲ. ಅಲ್ಲಿ ಮಾತು ಉಳಿಯಿತು, ಮಟ್ಟು ಮರೆಯಾಯಿತು. ನಮ್ಮದು ಅದರ ತಲೆಕೆಳಗು. ಕೇಂದ್ರ ಸರಕಾರವು ಅತ್ಯುತ್ತಮ ಗೀತರಚನೆಗೆ ರಾಷ್ಟ್ರಪ್ರಶಸ್ತಿಯನ್ನು 1968ನೇ ಸಾಲಿನಿಂದ ಕೊಡತೊಡಗಿತು. ಮೊದಲನೆಯದು ತಮಿಳಿನ ಕಣ್ಣದಾಸನ್ ಅವರಿಗೆ ಸಂದಿತು. ಕನ್ನಡದ ಸರದಿ ಬಂದದ್ದು 1991ನೇ ಸಾಲಿಗೆ, ‘ಮೈಸೂರ ಮಲ್ಲಿಗೆ’ ಚಿತ್ರಕ್ಕಾಗಿ ಕೆ.ಎಸ್. ನರಸಿಂಹಸ್ವಾಮಿಯವರಿಗೆ. ಅವರಿಗೆ ಏನು ಕೊಟ್ಟರೂ ಕಡಿಮೆಯೇ. ಆದರೂ ಆ ಕವಿತೆಗಳ ಸಂಕಲನ ಅಚ್ಚಾದದ್ದು 1942ರಲ್ಲಿ. ಅವು ಸಿನಿಮಾಕ್ಕಾಗಿ ಬರೆದವಲ್ಲ. ಬದುಕನ್ನೇ ಈ ಕಸುಬಿಗೆ ತೆತ್ತ ಜಯಗೋಪಾಲ್, ವಿಜಯನಾರಸಿಂಹ, ಹುಣಸೂರು, ಗೀತಪ್ರಿಯರಿಗೂ ಉದಯಶಂಕರರಿಗೂ ಆ ಪ್ರಶಸ್ತಿ ಬರಲಿಲ್ಲ.

ಹೆಸರಿನ ಮಾತು ಹಾಗಿರಲಿ, ಹಣದ ಮಾತೂ ಇದೆ. ನಾನು ಸರಕಾರಿ ನೌಕರ. ಕಾಯಿದೆಯ ಪುಸ್ತಕ ತೆರೆಯದೆ ನನಗೆ ಸಮಾಧಾನವಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಡಿ ನಿರ್ಮಾಪಕ ಹಣಕೊಟ್ಟು ಬರೆಸಿದ ಹಾಡಿನ ಒಡೆತನ ಯಾರದು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1969ರಲ್ಲಿ ಸ್ಥಾಪನೆಯಾದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಗೂ ಪೂರ್ವಭಾರತದ ಚಿತ್ರೋದ್ಯಮಿಗಳ ಸಂಘಕ್ಕೂ ನಡೆದ ವ್ಯಾಜ್ಯದಲ್ಲಿ 1977ರಲ್ಲಿ ಬಂದ ತೀರ್ಪು ನಿರ್ಮಾಪಕನ ಕಡೆಗಿತ್ತು: ಬೇರೆ ಕರಾರಿಲ್ಲದಿದ್ದರೆ ಮೊದಲ ಒಡೆಯ ಅವನೇ. ಒಂದು ಗಂಟು ಸಂಭಾವನೆ ಕೈಗೆ ಬಂದರೆ ಮುಗಿಯಿತು. ಹಾಡು ಐವತ್ತು ವರ್ಷ ದುಡಿದರೂ ಬರೆದವನಿಗೆ ಬಿಡಿಗಾಸಿಲ್ಲ. ಜಾವೇದ್ ಅಖ್ತರ್ ಅವರು ರಾಜ್ಯಸಭೆಯಲ್ಲಿ ಕುಳಿತು ವಾದಿಸಿದ ಮೇಲೆ 2012ರಲ್ಲಿ ತಿದ್ದುಪಡಿ ಬಂತು. ಹಾಡಿನ ಕವಿ ಮತ್ತು ಸಂಯೋಜಕರು ತಮ್ಮ ರಾಯಧನದ ಪಾಲನ್ನು ಚಿತ್ರ ನಿರ್ಮಾಪಕರಿಗೆ ಬಿಟ್ಟುಕೊಡುವಂತೆಯೇ ಇಲ್ಲವೆಂದು ಕಾಯಿದೆ ಹೇಳಿತು. ಆ ಹೊತ್ತಿಗೆ ಮೇಲೆ ಹೆಸರಿಸಿದ ಕವಿಗಳಲ್ಲಿ ಬದುಕಿದ್ದವರು ಗೀತಪ್ರಿಯರೊಬ್ಬರೇ.

ಅದೇ 1957ರ ಕಾಯಿದೆಯ 57ನೆಯ ಕಲಮು ಮಾತ್ರ ಮೊದಲ ದಿನದಿಂದಲೂ ಇದೆ. ಹಕ್ಕನ್ನು ಪೂರ್ತಿಯಾಗಿ ಮಾರಿದ ಮೇಲೂ ‘ಇದನ್ನು ಬರೆದವನು ನಾನು’ ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿನಲ್ಲಿಯೇ ಉಳಿಯುತ್ತದೆ ಎನ್ನುತ್ತದೆ ಆ ಕಲಮು. ಕಾಯಿದೆಯ ಒಣಭಾಷೆಯಲ್ಲಿ ಬರೆದ ಅಂಕಿತವದು. ಹೇಳಿಕೊಳ್ಳಬೇಕಾದವರು ಈಗಿಲ್ಲ. ಮೊಬೈಲಿನಲ್ಲಿ ಹಾಡು ಕೇಳಿಸುವ ಆ್ಯಪ್‌ಗಳಲ್ಲಿ ‘ಕಲಾವಿದರು’ ಎಂಬ ಕಡೆ ಗಾಯಕರ ಹೆಸರು ಎದ್ದು ಕಾಣುತ್ತದೆ. ಬರೆದವರ ಹೆಸರಿಗಾಗಿ ಮೂರು ಸಲ ಒತ್ತಿ ಒಳಗೆ ಹೋಗಬೇಕು, ಹೋದರೂ ಹಳೆಯ ಹಾಡುಗಳಿಗೆ ಎಷ್ಟೋ ಕಡೆ ಆ ಜಾಗ ಖಾಲಿ, ಇಲ್ಲವೆ ತಪ್ಪು.

ಸರಿಯಾದ ಮಾಹಿತಿ ಇರುವುದು ಹಾಡಿನ ಪುಸ್ತಕಗಳಲ್ಲಿ. ಟಾಕೀಸಿನ ಬಾಗಿಲಲ್ಲಿ ಕೆಲವು ಕಾಸಿಗೆ ಮಾರುತ್ತಿದ್ದ, ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿರೆನ್ನುತ್ತಿದ್ದ ಆ ತೆಳು ಹೊತ್ತಿಗೆಗಳು ಹಳೆಯ ಕನ್ನಡ ಸಂಘಗಳ ಗ್ರಂಥಾಲಯಗಳಲ್ಲಿ, ಮುಂಬಯಿ-ಚೆನ್ನೈಗಳ ಹಳೆಯ ಸಂಸಾರಗಳ ಟ್ರಂಕುಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ನಿಮ್ಮಲ್ಲಿದ್ದರೆ ಮೊದಲು ಹೊದಿಕೆಯ ಒಳಬದಿಯ ಫೋಟೋ ತೆಗೆದಿಡಿ. ಕಾಗದ ಅಗ್ಗದ್ದು, ಮೊದಲು ಹರಿಯುವುದು ಹೊದಿಕೆಯೇ, ಮತ್ತು ಕವಿಗಳ ಹೆಸರು ಅಚ್ಚಾಗಿರುವುದು ಅಲ್ಲಿಯೇ.